ಪರಸಪ್ಪನ ತೇಲುವ ಪಾವಟಿಗೆ

ಮೊದಲ ಭೇಟಿಯಲ್ಲೇ ಪರಸಪ್ಪ ಮಿಸ್ತ್ರಿ ನನ್ನ ಕೈಗೊಂದು ಮಾವಿನಹಣ್ಣು ಕೊಟ್ಟ. ಹೆಚ್ಚೋಣವೆಂದು ಚಾಕು ಇಟ್ಟರೆ ಸರ್ರನೆ ಜಾರಿತು. ಅದು ಕಟ್ಟಿಗೆಯ ಹಣ್ಣು.

"ಗೋಕಾಕದ ಹಣ್ಣರಿ ಬಾಯಾರ, ತಿನ್ನಾಕಲ್ಲ, ಹೌಹಾರಾಕ. ಮನಶಾ ದಿನಕ್ಕೊಮ್ಮಿ ಹೌಹಾರಬೇಕ್ರಿ, ಎದಿ ಗಟ್ಟಿ ಇರತೈತಿ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಶಾಲೆಯಲ್ಲಿ ಇಡೀ ವರ್ಗವನ್ನು ಗದರಿಸುವ ಶಿಕ್ಷಕಿ ನಾನು ಪೆಚ್ಚಾಗಿ ನಿಂತಿದ್ದೆ.

ಅವನ ಮನೆತನದ್ದು ಗೋಕಾಕದಲ್ಲಿ ಬಣ್ಣದ ಗೊಂಬೆ ಮಾಡುವ ಕಸುಬು. ಅವನು ಮಾತ್ರ ಈಗಿನ ಹೊಸ ನಮೂನೆಯ ಮನೆಗಳಿಗೆ ತೇಲುವ ಪಾವಟಿಗೆ ಮಾಡುತ್ತ ಮೂಡಲಗಿ, ಹುಕ್ಕೇರಿ ಎಂದು ತಿರುಗುತ್ತಿದ್ದ. ಗೋಡೆಯೊಳಗೆ ಕಬ್ಬಿಣ ಹುಗಿದು, ಅದು ಕಾಣದಂತೆ ಸಾಗವಾನಿ ಹಲಗೆ ತೊಡಿಸುತ್ತಿದ್ದ. ಕೆಳಗೆ ಆಸರೆ ಇಲ್ಲ, ಹಿಂದೆ ಹಲಗೆ ಇಲ್ಲ, ಮೆಟ್ಟಿಲುಗಳು ಗಾಳಿಯಲ್ಲೇ ನಿಂತಂತೆ. ಆದರೂ ಗೊಂಬೆಯ ಕೈ ಬಿಟ್ಟಿರಲಿಲ್ಲ. ಯಾವ ಮನೆಯ ಕೆಲಸ ಹಿಡಿದರೂ ಮೊದಲು ಪುಟ್ಟ ಪಾವಟಿಗೆ ಮಾಡಿ, ಅದರ ಮೇಲೆ ಆ ಮನೆಯವರನ್ನೇ ಗೊಂಬೆಗಳಾಗಿ ನಿಲ್ಲಿಸಿ ತರುತ್ತಿದ್ದ.

ಹುಕ್ಕೇರಿಯ ನಮ್ಮ ಹೊಸ ಮನೆಗೂ ತಂದ. ಚಷ್ಮಾ ಹಾಕಿದ ನಾನು, ಮೊಬೈಲ್ ಹಿಡಿದ ನಮ್ಮವರು, ಎಲ್ಲರಿಗಿಂತ ಮೇಲೆ ಹಸಿರು ಇಳಕಲ್ ಸೀರೆಯಲ್ಲಿ ಸಂಡಿಗೆ ತಟ್ಟೆ ಹಿಡಿದ ನಮ್ಮವ್ವ. ಅವ್ವ ಅದನ್ನು ದಿಟ್ಟಿಸಿ ನೋಡಿ ಒಳಗೆ ಹೋದಳು.

ಪಾವಟಿಗೆ ಮುಗಿದ ದಿನ ಪರಸಪ್ಪ ಮೇಲಿನಿಂದ ಒಂದೊಂದೇ ಹಲಗೆಯ ಮೇಲೆ ಧೊಪ್ಪನೆ ಜಿಗಿಯುತ್ತ ಇಳಿದ. ಹಲಗೆ ಮಿಸುಕಲಿಲ್ಲ.

"ಬೇಕಾದ್ರ ಆನಿ ಹತ್ತಸ್ರಿ," ಎಂದ.

ಆನೆ ಹತ್ತುತ್ತಿತ್ತೇನೋ, ಅವ್ವ ಹತ್ತಲಿಲ್ಲ. ಹಳೆಯ ಮನೆಯಲ್ಲಿ ಮಾಳಿಗೆಯೇ ಅವಳ ರಾಜ್ಯವಾಗಿತ್ತು. ಸಂಡಿಗೆ, ಹಪ್ಪಳ, ಬಾಜೂ ಮನೆಯವರ ಜತೆ ಹರಟೆ ಎಲ್ಲ ಅಲ್ಲೇ. ಈಗ ಅಂಗಳದಲ್ಲಿ ಸಂಡಿಗೆ ಹಾಕಿದರೆ ಆಡು ಬಾಯಿ ಹಾಕುತ್ತಿತ್ತು. ಅವ್ವ ದಿನದಿನಕ್ಕೆ ಮಂಕಾದಳು. ವಯಸ್ಸಿನ ಹೆದರಿಕೆ ಎಂದುಕೊಂಡೆವು.

ಪಾಲಿಶ್ ಮಾಡಲು ಬಂದ ಪರಸಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ಯಾಕ ಯವ್ವಾ, ನನ್ನ ಕೆಲಸದ ಮ್ಯಾಲ ಭರೋಸಾ ಇಲ್ಲೇನು?"

"ಐತೋ ಪರಸಾ. ನಾ ಹತ್ತುವಾಗ ಕೆಳಗ ಅಳಿಯಾ ಕುಂತಿರ್ತಾನ. ಪಾವಟಿಗಿ ನಡುವ ಎಲ್ಲಾ ಬಯಲ. ಸೀರಿ ಉಟ್ಟಾಕಿ ಹೆಂಗ ಹತ್ತಲಿ?"

ಊರನ್ನೆಲ್ಲ ಹೌಹಾರಿಸಿದವನು ಅವತ್ತು ತಾನೇ ಹೌಹಾರಿದ.

"ನನ್ನ ಗೊಂಬಿ ಸೀರಿ ಕಟ್ಟಿಗಿದ್ದು ಯವ್ವಾ. ಅದು ಹಾರೂದಿಲ್ಲ. ನನಗ ತಿಳಿಲೇ ಇಲ್ಲ." ಪುಟ್ಟ ಪಾವಟಿಗೆಯನ್ನು ಬಗಲಲ್ಲಿಟ್ಟುಕೊಂಡು ಎದ್ದ. "ಸೋಮವಾರ ಬರ್ತೇನಿ. ನಿನ್ನ ಹತ್ತಸೇ ಬಿಡ್ತೇನಿ."

ಸೋಮವಾರ ಬಂದದ್ದು ಫೋನು. ಘಟಪ್ರಭಾದ ಚಹಾದಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದನಂತೆ, ಅಲ್ಲೇ ಹೋದನಂತೆ. ನಮ್ಮವರು ನಕ್ಕುಬಿಟ್ಟರು. "ಪರಸಪ್ಪಗ ಹೇಳ್ರಿ, ಈ ಸಲ ನಾವು ಹೌಹಾರೂದಿಲ್ಲಂತ," ಎಂದರು. ಆ ಕಡೆಯಿಂದ ಅವನ ಹೆಂಡತಿಯ ಅಳು ಕೇಳಿಸಿತು. ನಮ್ಮವರ ಮುಖದ ಮೇಲೆ ನಗೆ ಹಾಗೇ ಉಳಿದಿತ್ತು, ಅದನ್ನು ಎಲ್ಲಿಡಬೇಕೋ ತಿಳಿಯದೆ.

ಗೋಕಾಕಕ್ಕೆ ಹೋದೆವು. ಹೂವಿನ ನಡುವೆ ಮಲಗಿಸಿದ್ದರು. ಈಗ ಕಣ್ಣು ಬಿಡುತ್ತಾನೆ, ಹೊಟ್ಟೆ ಹಿಡಿದುಕೊಂಡು ನಗುತ್ತಾನೆ ಎಂದು ನಾನು ಕಾಯುತ್ತಲೇ ನಿಂತೆ. ಇವತ್ತಿಗೂ ನನಗೆ ಪೂರ್ತಿ ನಂಬಿಕೆ ಬಂದಿಲ್ಲ.

ದಿನಕರ್ಮ ಮುಗಿದ ಮೇಲೆ ಅವನ ಹೆಂಡತಿ ಪುಟ್ಟ ಪಾವಟಿಗೆ ತಂದುಕೊಟ್ಟಳು. ಮೆಟ್ಟಿಲುಗಳ ನಡುವಿನ ಬಯಲಿಗೆಲ್ಲ ತೆಳು ಪಟ್ಟಿಗಳನ್ನು ಒತ್ತೊತ್ತಾಗಿ ಜಡಿದಿದ್ದ. ಗಾಳಿ ಬರುತ್ತದೆ, ಕಣ್ಣು ಹಾಯುವುದಿಲ್ಲ. ಅವ್ವನ ಗೊಂಬೆಯ ಕಟ್ಟಿಗೆಯ ಸೀರೆಯನ್ನು ಕೆತ್ತಿ ತೆಗೆದು, ಖರೆ ಇಳಕಲ್ ಸೀರೆಯ ತುಣುಕು ಉಡಿಸಿದ್ದ.

"ನನ್ನ ಸೀರಿನ ಹರದ್ರರಿ," ಎಂದಳು ಅವಳು. "ನೆಲಕ್ಕ ಮಕ್ಕೊಂಡು ಕೆಳಗಿಂದ ನೋಡೇ ನೋಡಿದ್ರು, ಏನರ ಕಾಣತೈತೇನಂತ."

ಬೇರೆ ಬಡಿಗ ಅದನ್ನೇ ನೋಡಿ ನಮ್ಮ ಪಾವಟಿಗೆಗೆ ಪಟ್ಟಿ ಕೂಡಿಸಿದ. ಕೆಳಗೆ ನಾನೂ ನಮ್ಮವರೂ ಕುಳಿತಿರುವಾಗಲೇ ಅವ್ವ ಸಂಡಿಗೆ ತಟ್ಟೆ ಹಿಡಿದು ಹತ್ತಿದಳು. ಮೇಲಿನ ಮೆಟ್ಟಿಲ ಮೇಲೆ ನಿಂತು ಕೂಗಿದಳು: "ಪರಸಾ, ಹತ್ತೇನಿ ನೋಡಪಾ."