ಬಾಳಪ್ಪ ಉಸ್ತಾದರು ಕಂಡ ಹೋರಿ ಮತ್ತು ಬೆಳ್ಳಕ್ಕಿಯ ಕಾಳಗ

ಶ್ರಾವಣಿ, ಸಮರ್ಥ, ಮೊನ್ನೆ ನೀವಿಬ್ಬರೂ ನಿಮ್ಮ ಕಾರ್ಟೂನಿನ ಇಬ್ಬರು ಶೂರರಲ್ಲಿ ಯಾರು ಹೆಚ್ಚು ಎಂದು ಜಗಳಾಡುತ್ತಿದ್ದಿರಿ. ನಾನು ರೊಟ್ಟಿ ಬಡಿಯುತ್ತ, "ಮೊದ್ಲ ಇಬ್ರದೂ ಕಾಲು ನೋಡ್ರಿ" ಎಂದೆ. "ಆಯಿಗೇನ ತಿಳೀತೈತಿ ಇದು" ಎಂದು ನಕ್ಕಿರಿ. ನಿಮ್ಮ ಅಜ್ಜಿಗೂ ತಿಳಿಯುತ್ತದೆ ಮಕ್ಕಳೇ. ಕಲಿಸಿದವರು ದೊಡ್ಡವರು. ನಾಲ್ಕು ಜನರೆದುರು ಬಾಯಿಬಿಟ್ಟು ಹೇಳುವುದು ನನಗೆ ಈಗಲೂ ಕಷ್ಟ, ಅದಕ್ಕೆ ಬರೆಯುತ್ತಿದ್ದೇನೆ.

ಬಾಳಪ್ಪ ಉಸ್ತಾದರನ್ನು ಮೊದಲ ಸಲ ನೋಡಿದವರ ಕಣ್ಣು ಅವರ ಕಿವಿಗಳ ಮೇಲೆಯೇ ನಿಲ್ಲುತ್ತಿತ್ತು. ಹಸಿ ಹಿಟ್ಟಿನ ಉಂಡೆಯನ್ನು ಹಿಚುಕಿ ತಲೆಯ ಎರಡೂ ಬದಿಗೆ ಅಂಟಿಸಿದಂತಿದ್ದವು. ಗರಡಿಯ ಕೆಂಪು ಮಣ್ಣಿನಲ್ಲಿ ತಲೆಗೆ ತಲೆ ಉಜ್ಜಿ, ನಲವತ್ತು ವರ್ಷ ಕುಸ್ತಿ ಹಿಡಿದು ಹಾಗಾದದ್ದು. ಮಕ್ಕಳು ಕೇಳಿದರೆ, "ನಾ ಸಾಲಿ ಕಲ್ತ ಸರ್ಟಿಫಿಕೇಟ್ ಇವಽ ನೋಡ್ರಲೇ. ಎಡಕೊಂದು, ಬಲಕೊಂದು" ಎನ್ನುತ್ತಿದ್ದರು.

ಆಗ ನಾವಿದ್ದದ್ದು ಅನಗವಾಡಿಯ ಹತ್ತಿರ, ಕೃಷ್ಣೆಯ ದಂಡೆಯ ನಮ್ಮ ಹಳೆಯ ಊರಿನಲ್ಲಿ. ಈಗ ಅದರ ಮೇಲೆ ಆಲಮಟ್ಟಿಯ ಹಿನ್ನೀರು ನಿಂತಿದೆ. ನಮ್ಮ ಮನೆಯ ಎದುರಿಗೇ ಉಸ್ತಾದರ ಗರಡಿ. ಯಾರು ಬಂದರೂ ಅವರು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. "ಚಪ್ಪಲ ಬಿಡೂ ರೀತಿ ನೋಡಿದ್ರ ಸಾಕು. ಉಣ್ಣಾಕ ಬಂದಾನೋ, ಬಡದಾಡಾಕ ಬಂದಾನೋ ತಿಳೀತೈತಿ."

ನಿಮ್ಮ ಅಜ್ಜ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಓಡಿಸುತ್ತಿದ್ದರು. ಒಂದು ಹಂಗಾಮು ಮುಗಿದಾಗ ಟಿವಿ ತಂದರು. ಮರುವರ್ಷವೇ ಜ್ವರ ಬಂದು ತೀರಿಕೊಂಡರು. ಟಿವಿ ಉಳಿಯಿತು, ನಾನು ಉಳಿದೆ, ಹತ್ತು ವರ್ಷದ ನಿಮ್ಮ ಅವ್ವ ಶೈಲಾ ಉಳಿದಳು. ರವಿವಾರ ಮುಂಜಾನೆ ಒಂದು ಕಾರ್ಟೂನು ಬರುತ್ತಿತ್ತು. ಓಣಿಯ ಮಕ್ಕಳೆಲ್ಲ ನಮ್ಮ ಪಡಸಾಲೆಯಲ್ಲಿ. ಗರಡಿಯಲ್ಲಿ ಜೋರು, ಅಂದರೆ ಕುಸ್ತಿಯ ತಾಲೀಮು, ಮಾಡಬೇಕಾದ ಹುಡುಗರೂ ಅಲ್ಲೇ.

ಒಂದು ರವಿವಾರ ಉಸ್ತಾದರು ಬಡಿಗೆ ಹಿಡಿದು ಬಂದರು. "ಎಲ್ಲೇ ಅದಾವು ನನ್ನ ಕತ್ತೆಗೋಳು?" ಎಂದು ಬಾಗಿಲಲ್ಲಿ ನಿಂತವರ ಕಣ್ಣು ಟಿವಿಯ ಮೇಲೆ ಬಿತ್ತು. ಎತ್ತಿದ ಬಡಿಗೆ ಎತ್ತಿದಂತೆಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ, "ಇವ ಎಡಗಾಲ ಪೈಲ್ವಾನ ಅದಾನ ನೋಡ" ಎಂದು ತಮ್ಮಷ್ಟಕ್ಕೆ ಅಂದು, ಬಡಿಗೆಯನ್ನು ಮೂಲೆಗೆ ಒರಗಿಸಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು. ಆಮೇಲೆ ಒಂದು ರವಿವಾರವೂ ತಪ್ಪಿಸಲಿಲ್ಲ.

ಕಾರ್ಟೂನು ಹಿಂದಿಯಲ್ಲಿತ್ತು. ನಮ್ಮಲ್ಲಿ ಯಾರಿಗೂ ಅದು ಸರಿಯಾಗಿ ತಿಳಿಯುತ್ತಿರಲಿಲ್ಲ. ಇಬ್ಬರು ಜಿದ್ದಿನವರ ಕಥೆ. ಒಬ್ಬನಿಗೆ ಕೆಂಪು ಕೂದಲು, ಅಂಗೈಯಿಂದ ಬೆಂಕಿ ಬರುತ್ತಿತ್ತು. ಇನ್ನೊಬ್ಬ ಬಿಳಿಯ ನಿಲುವಂಗಿಯವನು, ಸಣಕಲ, ಗಾಳಿಯಂತೆ ಸರಿಯುತ್ತಿದ್ದ. ಉಸ್ತಾದರು ಮೊದಲನೆಯವನಿಗೆ ಹೋರಿ ಎಂದೂ ಎರಡನೆಯವನಿಗೆ ಬೆಳ್ಳಕ್ಕಿ ಎಂದೂ ಹೆಸರಿಟ್ಟರು. ಅವರ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

"ದನಿ ತಗೀ ತಂಗಿ" ಎನ್ನುತ್ತಿದ್ದರು ನನಗೆ. "ಬಾಯಿ ಏನರ ಒದರ್ಲಿ. ಕಾಲು ಸುಳ್ಳ ಹೇಳಂಗಿಲ್ಲ."

ಮಕ್ಕಳು ಬೇಡವೆಂದು ಗಲಾಟೆ ಮಾಡಿದರೂ ನಾನು ಟಿವಿಯ ದನಿ ಇಳಿಸುತ್ತಿದ್ದೆ. ಆಮೇಲೆ ಉಸ್ತಾದರದೇ ದನಿ.

"ಹೋರಿ ಮೂರು ಹೆಜ್ಜಿ ಓಡಿ ಬರತಾನ. ಮೂರನೇದು ಎಡಗಾಲ. ಅದನ್ನ ಊರಿದ ಮ್ಯಾಲೆ ಅವಗ ತಿರಗಾಕ ಬರಂಗಿಲ್ಲ."

"ಅಜ್ಜಾ, ಅವನ ಕೈಯಾಗಿಂದ ಬೆಂಕಿ ಬರತೈತಲ್ಲೋ!" ಎಂದಳು ಶೈಲಾ. ಅವಳು ಹೋರಿಯ ಪಕ್ಷ.

"ಬರಲೇಳು. ಬೆಂಕಿ ಕೈಯಾಗಿಂದ ಬಂದ್ರೂ ಅವ ನಿಂತಿದ್ದು ಕಾಲಿನ ಮ್ಯಾಲೆ ಹೌದಿಲ್ಲೋ?"

ಹಾಗಂತ ಅವರು ಹೋರಿಯನ್ನು ಹಳಿಯುತ್ತಿರಲಿಲ್ಲ. ಮೊದಲ ಏಟು ಯಾವತ್ತೂ ಅವನದೇ, ಎದುರಿನವನಿಗೆ ಯೋಚಿಸಲು ಪುರುಸೊತ್ತು ಕೊಡುವುದಿಲ್ಲ, ಅಂಜುಬುರುಕರ ಮುಂದೆ ಅವನು ಅರ್ಧ ಗಳಿಗೆಯಲ್ಲಿ ಗೆಲ್ಲುತ್ತಾನೆ ಎಂದು ಮೆಚ್ಚುತ್ತಿದ್ದರು. ಅವನ ಹತ್ತಿರ ಇರುವುದು ಒಂದೇ ಡಾವು, ಒಂದೇ ಪಟ್ಟು ಎಂಬುದು ಅವರ ತಕರಾರು. ಬೆಳ್ಳಕ್ಕಿಯದು ಬೇರೆ ಲೆಕ್ಕ. ಅವನು ಹಿಂದೆ ಸರಿಯುತ್ತಾನೆ, ಎದುರಾಳಿಯನ್ನು ಓಡಿಸಿ ದಣಿಸುತ್ತಾನೆ, ಕೊನೆಗೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ಅವನ ಭಾರದಿಂದಲೇ ಅವನನ್ನು ಕೆಡವುತ್ತಾನೆ. ಸೇತುವೆಯ ಮೇಲೆ ನಡೆದ ದೊಡ್ಡ ಕಾಳಗದಲ್ಲಿ ಹಾಗೆಯೇ ಆಯಿತು. ಹೋರಿ ತನ್ನ ಓಟಕ್ಕೆ ತಾನೇ ಹಳ್ಳಕ್ಕೆ ಬಿದ್ದ. ಶೈಲಾ ಎರಡು ದಿನ ಉಸ್ತಾದರ ಜೊತೆ ಮಾತು ಬಿಟ್ಟಳು, ಅವರೇ ನೂಕಿದರು ಎಂಬಂತೆ.

ಆದರೆ ಉಸ್ತಾದರಿಗೆ ನಿಜವಾದ ಸಿಟ್ಟು ಬಂದದ್ದು ಬೆಳ್ಳಕ್ಕಿಯ ಮೇಲೆ. ಒಂದು ರವಿವಾರ ಅವನು ಸಮಯ ನೋಡುತ್ತ ನಿಂತಿದ್ದಾಗ ಹೋರಿ ಅವನನ್ನು ಬಿಟ್ಟು, ಅವನ ಬೆನ್ನ ಹಿಂದಿದ್ದ ಊರಿಗೇ ಬೆಂಕಿ ಇಟ್ಟ. ಬೆಳ್ಳಕ್ಕಿ ಇನ್ನೂ ನಿಂತೇ ಇದ್ದ. ಉಸ್ತಾದರು ಎದ್ದು ಟಿವಿಯ ಮುಂದೆ ಹೋಗಿ, "ಇನ್ನೂ ಏನ ಕಾಯಾಕತ್ತಿಯೋ ಮಗನ, ಮುಹೂರ್ತಾ?" ಎಂದು ಬೈದರು. ಚಹಾ ಹಿಡಿದು ಒಳಬಾಗಿಲ ಹತ್ತಿರ ನಿಂತಿದ್ದ ನನಗೆ ಆ ಬೈಗಳು ನಾಟಿತು. ಗಂಡ ಹೋದ ಮೇಲೆ ನಾನೂ ಹೀಗೇ ಬಾಗಿಲ ಮರೆಗೆ ನಿಂತೇ ಕಾಲ ಕಳೆದವಳು. ಅವರಿಗೆ ಅದು ಗೊತ್ತಾಯಿತೋ ಏನೋ. ಲೋಟ ತೆಗೆದುಕೊಳ್ಳುತ್ತ ನನ್ನ ಕಾಲಿನ ಕಡೆಗೇ ನೋಡಿ ಅಂದರು: "ಅಂಜಿ ಸುಮ್ಮನ ನಿಲ್ಲೂದು ಬ್ಯಾರೆ, ನೋಡ್ಕೋತ ಸುಮ್ಮನ ನಿಲ್ಲೂದು ಬ್ಯಾರೆ, ತಂಗಿ. ಮಂದಿ ಕಣ್ಣಿಗೆ ಎರಡೂ ಒಂದಽ ಕಾಣತಾವ. ನಿಂತಾವಗ ಗೊತ್ತಿರಬೇಕು, ತಾ ಯಾವುದ್ರಾಗ ಅದೇನಿ ಅಂತ."

ಅವರ ಒಂದು ತಪ್ಪನ್ನೂ ಬರೆಯಬೇಕು, ಇಲ್ಲದಿದ್ದರೆ ಚಿತ್ರ ಪೂರ್ತಿಯಾಗದು. ಕಾರ್ಟೂನು ಮುಗಿದು ಕೆಲವು ತಿಂಗಳಿಗೆ ಅದನ್ನೇ ಮೊದಲಿನಿಂದ ಮತ್ತೆ ತೋರಿಸತೊಡಗಿದರು. ಉಸ್ತಾದರು ಅದನ್ನು ಅದೇ ಇಬ್ಬರ ಎರಡನೆಯ ಸಲದ ಕುಸ್ತಿ ಎಂದೇ ತಿಳಿದರು. ಕುಸ್ತಿಯಲ್ಲಿ ಹಾಗೇ ಅಲ್ಲವೇ? ಈ ವರ್ಷ ಸೋತವನು ಬರುವ ವರ್ಷ ಅವನನ್ನೇ ಕರೆದು ಮತ್ತೆ ಕಣಕ್ಕಿಳಿಯುತ್ತಾನೆ.

"ಅಜ್ಜಾ, ಅದನ್ನಽ ಮತ್ತ ಹಚ್ಚ್ಯಾರ" ಎಂದಳು ಶೈಲಾ. "ಹೋರಿ ಮತ್ತ ಬೀಳ್ತಾನ."

"ಹುಚ್ಚವ್ವ! ಒಮ್ಮೆ ಸೋತ ಪೈಲ್ವಾನ ಮಕ್ಕೊಂಡಿರತಾನೇನ? ಆ ಎಡಗಾಲ ತಿದ್ದಿಕೊಂಡಽ ಬಂದಿರತಾನ, ನೋಡ್ತಿರು."

ಸೇತುವೆಯ ಕಾಳಗದ ದಿನ ಗರಡಿಗೆ ರಜೆ ಕೊಟ್ಟು, ಹುಡುಗರನ್ನೆಲ್ಲ ತಾವೇ ಕರೆತಂದರು. ಹೋರಿ ಮೂರು ಹೆಜ್ಜೆ ಓಡಿದ. ಉಸ್ತಾದರು, "ತಡಿ, ತಡಿ, ಎಡಗಾಲ ತಡಿ!" ಎಂದು ಕೂಗಿದರು. ಅವನು ಅದೇ ಎಡಗಾಲು ಊರಿ ಅದೇ ಹಳ್ಳಕ್ಕೆ ಬಿದ್ದ. ಉಸ್ತಾದರು ತೊಡೆಗೆ ಬಡಿದುಕೊಂಡು, "ಇವಗ ಉಸ್ತಾದ ಯಾರು ಅದಾನು? ಅವನ್ನ ಕರೀರಿ ಇಲ್ಲೆ!" ಎಂದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ಸೆರಗು ಬಾಯಿಗಿಟ್ಟು ನಕ್ಕೆ.

"ನಗ್ರಿ, ನಗ್ರಿ" ಎಂದರು ಉಸ್ತಾದರು, ತಾವೂ ನಗುತ್ತ. "ಆದ್ರ ಒಂದ್ ತಿಳ್ಕೋರಿ. ಜೋರದಾವ ಅದಽ ಡಾವ ಮತ್ತ ಹಾಕ್ತಾನ. ಅವಗ ಅದು ಬಿಡಾಕ ಬರಂಗಿಲ್ಲ."

ಅದೇ ವರ್ಷ, ಹಿನ್ನೀರು ಬರುತ್ತದೆಂದು ನಮ್ಮ ಊರು ಎದ್ದು ಬೇರೆಡೆಗೆ ಹೋಗುವುದು ಖಾತ್ರಿಯಾಯಿತು. ಹೊಸ ಊರಿನಲ್ಲಿ ಒಂದು ಒಲೆಗೆ, ಅಂದರೆ ಒಂದು ಸಂಸಾರಕ್ಕೆ, ಒಂದು ಜಾಗ ಎಂದರು ಸರ್ಕಾರದವರು. ಮೊದಲು ಮನೆ ಅಳೆಯಲು ಬಂದಾಗ ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಗಂಡನ ಅಣ್ಣ, ತಮ್ಮ ಒಲೆ ಬೇರೆ ಎಂದು ಬರೆಸಿ ತಮಗೊಂದು ಜಾಗ ಮಾಡಿಕೊಂಡಿದ್ದರು. ಈಗ ನಮ್ಮ ಮನೆಯ ಜಾಗವನ್ನೂ ತಮ್ಮ ಹೆಸರಿಗೇ ಪಡೆಯಲು ಹೊರಟರು. "ಹೆಣ್ಮಗಳಿಗೆ ಜಾಗಾ ಯಾಕ? ತಾಯಿ ಮಗಳು ನಮ್ಮ ಹಿತ್ತಲ ಕೋಲ್ಯಾಗ ಇರತಾರ" ಎಂದು ಓಣಿಯಲ್ಲೆಲ್ಲ ಹೇಳಿದರು. ಆ ಕೋಣೆಗೆ ಹೋದರೆ ನಾನೂ ಶೈಲಾಳೂ ಜನ್ಮವಿಡೀ ಅವರ ಮನೆಯ ಕೆಲಸದವರಾಗುತ್ತಿದ್ದೆವು.

ಭಾವನ ಎದುರು ನಿಲ್ಲುವ, ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಮದುವೆಯಾದಾಗಿನಿಂದ ಅವರ ಜೊತೆ ನಾನು ಒಂದು ಮಾತನ್ನೂ ಆಡಿರಲಿಲ್ಲ. ಉಸ್ತಾದರ ಹತ್ತಿರ ಹೋಗಿ, "ಕಾಕಾ, ನನ್ನ ಪರವಾಗಿ ನೀವಽ ಹೇಳ್ರಿ. ಊರು ನಿಮ್ಮ ಮಾತ ಕೇಳತೈತಿ" ಎಂದು ಬೇಡಿಕೊಂಡೆ.

"ಹೇಳಂಗಿಲ್ಲ" ಎಂದರು. ನನಗೆ ಅಳು ಬಂತು. "ಅಳಬ್ಯಾಡ ಬೇ. ನಿನ್ನ ಕುಸ್ತಿ ನಾ ಹಿಡದ್ರ ಗೆದ್ದಾವ ನಾ ಆಕ್ಕೇನಿ. ನಾಳೆ ಹೊಸ ಊರಾಗ ನಿನ್ನ ಬಾಜೂಕ ಅವ ಇರತಾನ, ನಾ ಇರಂಗಿಲ್ಲ. ಅದು ಬಿಡು. ನಿಮ್ಮ ಭಾವ ಹೋರಿ ಹೌದಿಲ್ಲ? ಅವನ ಮೂರನೇ ಹೆಜ್ಜಿ ಯಾವುದು? ಅದನ್ನ ಹುಡುಕು."

ಮೂರು ದಿನ ಯೋಚಿಸಿದೆ. ಭಾವ ಮೊದಲು ಒದರುತ್ತಾರೆ. ಆಮೇಲೆ ತೀರಿದ ತಮ್ಮನ ಹೆಸರು ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಕೊನೆಗೆ ಜಂಬ ಕೊಚ್ಚುತ್ತಾರೆ. ಯಾರ ಹಂಗಿನಲ್ಲೂ ತಾನಿಲ್ಲ ಎಂಬುದು ಅವರ ಜಂಬ. ಅದನ್ನು ಕೆಣಕಿದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ.

ಸಾಲೆಯ ಅಂಗಳದಲ್ಲಿ ಮೇಜು ಹಾಕಿ ಸರ್ಕಾರದ ಸಾಹೇಬರು ಹೆಸರು ಕೂಗುತ್ತಿದ್ದರು. ಊರೆಲ್ಲ ನೆರೆದಿತ್ತು. ನಿಮ್ಮ ಅಜ್ಜನ ಹೆಸರು ಬಂದಾಗ ಭಾವ ಮುಂದೆ ನುಗ್ಗಿದರು. "ತೀರಿಕೊಂಡಾನ್ರೀ ಸಾಹೇಬ್ರ. ನಾ ಅವನ ಅಣ್ಣ. ಒಂದಽ ಮನಿ, ಒಂದಽ ಒಲಿ. ನನ್ನ ಹೆಸರಿಗೆ ಬರೀರಿ." ಹೇಳುತ್ತಲೇ ಧೋತರದ ತುದಿಯಿಂದ ಕಣ್ಣೊರೆಸಿಕೊಂಡರು. ಸಾಹೇಬರ ಪೆನ್ನು ಕಾಗದಕ್ಕೆ ತಾಗಿತು. ನಾನು ಹೆಂಗಸರ ಸಾಲಿನಲ್ಲಿ ಇನ್ನೂ ನಿಂತೇ ಇದ್ದೆ. ಆಚೆ ಕಟ್ಟೆಯ ಮೇಲೆ ಕುಳಿತಿದ್ದ ಉಸ್ತಾದರು ನನ್ನ ಕಾಲನ್ನೇ ನೋಡುತ್ತಿದ್ದರು. ಇನ್ನೂ ನಿಂತರೆ ಊರು ಸುಟ್ಟುಹೋಗುತ್ತದೆ ಎನಿಸಿತು. ನಡೆದೆ.

ಮೇಜಿನ ಹತ್ತಿರ ಸೆರಗು ಎಳೆದುಕೊಂಡು, ಭಾವನ ಕಡೆ ತಿರುಗದೆ ಹೇಳಿದೆ: "ಸಾಹೇಬ್ರ, ಭಾವಾರ ಕೂಡ ನಾ ಮಾತಾಡೂ ಪದ್ಧತಿ ಇಲ್ರಿ. ನೀವಽ ಒಂದ್ ಮಾತ ಕೇಳ್ರಿ. ಅವ್ರು ನಮ್ಮ ಒಲಿ ಮ್ಯಾಲಿನ ಅನ್ನ ಉಂಡು ಬದಕ್ಯಾರೇನ್ರಿ?"

ಸಾಹೇಬರು ಕೇಳುವ ಮೊದಲೇ ಭಾವ ಸಿಡಿದರು. "ನಾ ಇಕಿ ಒಲಿ ಮ್ಯಾಲಿಂದು ಉಣ್ಣಾಂವ? ಊರ ಮುಂದ ಹೇಳತೇನಿ ಕೇಳ್ರಿ, ಹತ್ತು ವರ್ಷ ಆತು ನಾ ಬ್ಯಾರೆ ಆಗಿ! ಇವ್ರ ಮನ್ಯಾಗ ಒಂದ್ ತಂಬಗಿ ನೀರು ಕುಡದಿಲ್ಲ!"

 ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಪೆನ್ನು ಎತ್ತಿ, "ಈಗ ತಾನೇ ಒಂದೇ ಒಲೆ ಅಂದ್ರಲ್ಲ ಯಜಮಾನ್ರೇ?" ಎಂದು ಹಳೆಯ ಪುಸ್ತಕ ತರಿಸಿ ಹಾಳೆ ತಿರುವಿದರು. ಭಾವ ಬೇರೆ ಒಲೆ ಎಂದು ಬರೆಸಿ ಹಾಕಿದ್ದ ಸಹಿ ಅಲ್ಲಿತ್ತು. ನನ್ನ ಹೆಸರು ಕೇಳಿದರು. ಹೇಳಿದೆ. ಜೋರಾಗಿ ಹೇಳಲು ಹೇಳಿದರು. ಮತ್ತೆ ಹೇಳಿದೆ.

ಉಸ್ತಾದರು ಶಹಬಾಸ್ ಅನ್ನಲಿಲ್ಲ. "ಬಲಗಾಲ ನಡಗತಿತ್ತು" ಎಂದರು. "ಆದ್ರ ಜಾಗಾ ಬಿಡಲಿಲ್ಲ. ಇರ್ಲಿ. ಈಗ ಹೋಗಿ ನಿಮ್ಮ ಭಾವನ ಮನಿಗೆ ಏನರ ಸಿಹಿ ಮಾಡಿ ಕಳಸು. ಬಿದ್ದಾವ್ನ ಕೈ ಹಿಡದು ಎಬ್ಬಸಿದ ಮ್ಯಾಲೇ ಕುಸ್ತಿ ಮುಗೀತು."

ಹೋಳಿಗೆ ಮಾಡಿ ಶೈಲಾಳ ಕೈಯಲ್ಲಿ ಕಳಿಸಿದೆ. ಭಾವ ತಿಂದರೋ ಇಲ್ಲವೋ ಗೊತ್ತಿಲ್ಲ. ತಾಟು ಮಾತ್ರ ತೊಳೆದು ಬಂತು.

ಊರು ಎದ್ದ ಮೇಲೆ ನಾವು ಈ ಹೊಸ ಊರಿಗೆ ಬಂದೆವು. ಉಸ್ತಾದರು ಬನಹಟ್ಟಿಗೆ, ಮಗಳ ಮನೆಗೆ ಹೋದರು. ಶೈಲಾಳ ಮದುವೆಯ ಕಾರ್ಡು ಕೊಡಲು ನಾನು ಅಲ್ಲಿಗೆ ಹೋದದ್ದೇ ಕೊನೆಯ ಭೇಟಿ. ಒಳಗೆ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಹೊರಗೆ ಕಟ್ಟೆಯ ಮೇಲೆ ಅವರು ಕುಳಿತಿದ್ದರು. ಕಣ್ಣುಗಳು ಮಂಜಾಗಿದ್ದವು. ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, "ಇದಿರ್ಲಿ. ಜಾಗಾದ ಹಕ್ಕುಪತ್ರ ಬಂತೇನ?" ಎಂದರು. ಮದುವೆಯ ಸಾಲಕ್ಕಾಗಿ ಬ್ಯಾಂಕಿಗೆ ತೋರಿಸಲೆಂದು ಅದು ಚೀಲದಲ್ಲೇ ಇತ್ತು. "ಓದು" ಎಂದರು. ಓದಿದೆ. ನನ್ನ ಹೆಸರು ಬಂದಲ್ಲಿ ಕೈಯೆತ್ತಿ ತಡೆದು, "ಅದನ್ನ ಇನ್ನೊಮ್ಮೆ ಓದು. ಮಗ್ಗದ ಸಪ್ಪಳಾಗ ಕೇಳವಲ್ದು" ಎಂದರು. ಒಳಗಿನವರೂ ತಲೆಯೆತ್ತುವಷ್ಟು ಜೋರಾಗಿ ಓದಿದೆ.

ಮದುವೆಗೆ ಅವರು ಬರಲಾಗಲಿಲ್ಲ. ಆ ಮಳೆಗಾಲದಲ್ಲಿ ಹೋದರೆಂಬ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಎಂಟು ದಿನಕ್ಕೆ.

ಮಕ್ಕಳೇ, ನಿಮ್ಮ ಅವ್ವ ಬೆಳೆದದ್ದು, ನೀವು ರಜೆಗೆ ಬಂದು ಕುಣಿಯುವುದು ಈ ಜಾಗದಲ್ಲೇ. ಹಕ್ಕುಪತ್ರದಲ್ಲಿ ನನ್ನ ಹೆಸರಿದೆ. ಬಾಳಪ್ಪ ಉಸ್ತಾದರ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಅದು ಇರುವುದು ಈ ಹಾಳೆಗಳಲ್ಲಿ ಮಾತ್ರ. ಆ ಪತ್ರವಿರುವ ಟ್ರಂಕಿನಲ್ಲೇ, ಅದೇ ಚೀಲದಲ್ಲಿ ಇವನ್ನೂ ಇಡಿರಿ. ಒಂದನ್ನು ತೆಗೆದವರ ಕೈಗೆ ಇನ್ನೊಂದೂ ಬರಲಿ.