ರಂಗಂಪೇಟೆಯ ಕಂಪ್ಯೂಟರ್ ಮೇಡಂ

ಸುರಪುರದ ಫೋಟೋ ಸ್ಟುಡಿಯೋ ಒಂದರಲ್ಲಿ ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದಾಗ, ಕಂಪ್ಯೂಟರ್ ಕೆಟ್ಟರೆ ರಂಗಂಪೇಟೆಯಿಂದ ಒಬ್ಬ ಮೇಡಂ ಬರುತ್ತಿದ್ದರು. ನನ್ನನ್ನು ‘ಏ ತಮ್ಮಾ’ ಎನ್ನುವ ಮಾಲೀಕರು ಅವರಿಗೆ ಎದ್ದು ಕುರ್ಚಿ ಕೊಡುತ್ತಿದ್ದರು. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು, “ತಡೀರಿ, ಮೊದ್ಲ ಅದು ಏನ್ ಹೇಳಾಕತ್ತದ ಓದೋಣು” ಎನ್ನುವರು. ಪರದೆಯ ಮೇಲಿನ ಅದೇ ಸಾಲನ್ನು ನಾನು ಆಗಲೇ ಹತ್ತಾರು ಸಲ ಓದಿರುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ವಿಡಿಯೋಗಳಿದ್ದ ಡಿಸ್ಕ್ ಸತ್ತಿತು. ಬ್ಯಾಕಪ್ ಡಿಸ್ಕಿನಲ್ಲಿ ನೋಡಿದರೆ ಶಹಾಪುರದ ಒಂದು ಮದುವೆ ಇರಲೇ ಇಲ್ಲ. ಮೇಡಂ ಬಂದು ಕಾರಣ ಹುಡುಕಿದರು. ಬ್ಯಾಕಪ್ಪಿಗೆ ಪ್ರತಿಸಲ ಹೋಗುತ್ತಿದ್ದದ್ದು, ಡಿಸ್ಕ್ ಆ ಹೊತ್ತಿಗೆ ಹೇಗಿತ್ತೋ ಹಾಗೆ ಗುರುತಿಟ್ಟ ಹಿಂದಿನ ಸ್ನ್ಯಾಪ್‌ಶಾಟ್ ಆದಮೇಲೆ ಬದಲಾದಷ್ಟು ಮಾತ್ರ; ಅದಕ್ಕೆ ಆ ಹಿಂದಿನ ಸ್ನ್ಯಾಪ್‌ಶಾಟ್ ಎರಡೂ ಡಿಸ್ಕುಗಳಲ್ಲಿ ಉಳಿದಿರಬೇಕು. ಜಾಗ ಸಾಲದೆಂದು ಮಾಲೀಕರು ಒಂದು ಕಡೆ ಅದನ್ನು ಅಳಿಸಿದ್ದರು. ಅಂದಿನಿಂದ ಬ್ಯಾಕಪ್ ನಿಂತೇಹೋಗಿತ್ತು; ಆ ಮದುವೆ ನಡೆದದ್ದು ಅದಾದಮೇಲೆ.

ಸತ್ತ ಡಿಸ್ಕಿನೊಂದಿಗೆ ಮೇಡಂ ಸಂಜೆಯವರೆಗೆ ಗುದ್ದಾಡಿದರು. ಏನೂ ಸಿಗಲಿಲ್ಲ. ಇವತ್ತು ಇವರ ಮರ್ಯಾದೆಯೂ ಹೋಯಿತು ಎಂದು ನನಗೆ ಒಳಗೊಳಗೆ ಖುಷಿ.

ಅವರು ವಿಡಿಯೋಗಾಗಿ ಬೆಳಿಗ್ಗೆಯಿಂದ ಕಾದಿದ್ದ ಮದುಮಗಳ ತಂದೆಯನ್ನು ಎದುರಿಗೆ ಕೂರಿಸಿಕೊಂಡರು. “ಕಾಕಾ, ವಿಡಿಯೋ ಹೋಗ್ಯಾದ್ರಿ. ಮತ್ತ ಬರಂಗಿಲ್ಲ. ಸುಳ್ಳ ಹೇಳಿ ನಿಮ್ಮನ್ನ ತಿರುಗಾಡ್ಸಾಕ ನನಗ ಮನಸಿಲ್ಲ.”

ಆತ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, “ನೀ ನೋಡಿ ಹೇಳಿದ್ರ ಮುಗೀತು, ಬಿಡವ್ವಾ” ಎಂದು ಕೈಮುಗಿದ.

ಬೆಳಿಗ್ಗೆ ಇದೇ ಮಾತನ್ನು ನಾನು ಹೇಳಿದಾಗ ಅದೇ ಕೈ ನನ್ನ ಕಾಲರ್ ಹಿಡಿದಿತ್ತು. ಅವತ್ತು ಮೇಡಂ ಸೋತದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.