ಹಕ್ಕಲಾಯುವ ಕಿಡ್ನಿ

ದೇಶನೂರಿನ ಈರಮ್ಮನ ಜ್ವರ ಇಳಿಸಿದ ಜೆಂಟಾಮೈಸಿನ್ ಇಂಜೆಕ್ಷನ್ ಅವಳ ಕಿಡ್ನಿಗೇ ಪೆಟ್ಟು ಕೊಡುತ್ತಿತ್ತು. ಬಳ್ಳಾರಿಯ ನಮ್ಮ ವಾರ್ಡಿನಲ್ಲಿ ನಾನು ಅದನ್ನು ನಿಲ್ಲಿಸಿ ಬೇರೆ ಔಷಧ ಬರೆದೆ. "ನನಗ ಆ ಸೂಜಿನೇ ಬೇಕು. ಇಲ್ಲಂದ್ರ ಸಿರಿಗೇರಿ ಡಾಕ್ಟ್ರ ಕಡೆ ಹೋಗಿ ಮಾಡಿಸ್ಕೊಂತೀನಿ," ಎಂದು ಈರಮ್ಮ ಗಂಟು ಕಟ್ಟತೊಡಗಿದಳು. ಹೋದರೆ ಕಿಡ್ನಿ ಉಳಿಯುವುದು ಕಷ್ಟವಿತ್ತು.

ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಾದರೂ ರೋಗಿಗೆ ಶುದ್ಧ ಕನ್ನಡದಲ್ಲೇ ಹೇಳಬೇಕೆಂಬುದು ನನ್ನ ನಿಯಮ. "ಮೂತ್ರಪಿಂಡದ ಜೀವಕೋಶಗಳ ಮೇಲೆ ಗ್ರಾಹಕಗಳಿವೆ. ಅವು ಈ ಔಷಧವನ್ನು ಒಳಗೆಳೆದುಕೊಳ್ಳುತ್ತವೆ," ಎಂದೆ.

"ಗ್ರಾಹಕ್ರಾ? ನನ್ನ ಹೊಟ್ಟ್ಯಾಗ ಏನ್ ಅಂಗಡಿ ಇಟ್ಟೀನೇನ್ರಿ?"

ಇಡೀ ವಾರ್ಡು ನಕ್ಕಿತು.

ಅಷ್ಟರಲ್ಲಿ ನನ್ನ ಸಹೋದ್ಯೋಗಿ, ಸಿರುಗುಪ್ಪದ ಡಾಕ್ಟರ್ ವೀರೇಶ, ಬಂದು ಅವಳ ಮಂಚದ ಮೇಲೆಯೇ ಕುಳಿತ. ಹಾಗೆ ಕೂರುವುದು ನಿಯಮಕ್ಕೆ ವಿರುದ್ಧ.

"ಯವ್ವಾ, ಭತ್ತ ಕೊಯ್ದ ಮ್ಯಾಲೆ ಬಿದ್ದ ತೆನಿ ಹಕ್ಕಲಾಯ್ತಿಯಿಲ್ಲ? ಕಿಡ್ನಿನೂ ಹಂಗ. ಉಚ್ಚಿಗೆ ಹೋಗೋ ನೀರಾಗ ಚಲೋದನ್ನ ಆರಿಸಿ ಉಡ್ಯಾಗ ಹಾಕ್ಕೊಂತೈತಿ. ಈ ಔಷಧನೂ ತೆನಿ ಅಂತ ತಿಳ್ಕೊಂಡು ತುಂಬ್ಕೊಂತೈತಿ. ತುಂಬಿ ತುಂಬಿ ಕಡೀಕ ಉಡಿನೇ ಹರೀತೈತಿ."

ಈರಮ್ಮ ಗಂಟು ಬಿಚ್ಚಿದಳು. "ಹಂಗಾರ ಆ ಸೂಜಿ ಬ್ಯಾಡಪ್ಪ."

ನಾನು ಅವನ ಮಾತಿನಲ್ಲಿ ತಪ್ಪು ಹುಡುಕಿದೆ. ಊಟ ಬಿಟ್ಟು ಪಠ್ಯಪುಸ್ತಕ ತೆರೆದೂ ಹುಡುಕಿದೆ. ಒಂದೂ ಸಿಗಲಿಲ್ಲವೆಂದು ಹೊಟ್ಟೆ ಇನ್ನಷ್ಟು ಉರಿಯಿತು.

ಮನೆಗೆ ಹೊರಟ ದಿನ ಈರಮ್ಮ ವೀರೇಶನ ಗದ್ದ ಹಿಡಿದು, "ಬರ್ತೀನಿ ನನ್ನಪ್ಪಾ," ಎಂದಳು. ನನಗೆ ದೂರದಿಂದಲೇ ಕೈ ಮುಗಿದು, "ಬರ್ತೀನ್ರಿ ಅಂಗಡಿ ಸಾಹೇಬ್ರ," ಎಂದಳು. ಅಂಗಡಿ ಎಂಬುದು ನನ್ನ ಮನೆತನದ ಹೆಸರೆಂದು ಹೊಸ ನರ್ಸ್ ಈಗಲೂ ನಂಬಿದ್ದಾಳೆ.